ಹದಿನೈದು ಪ್ರಯೋಗಗಳ ವಿಜ್ಞಾನ ಕಿಟ್: ದುಡ್ಡಿಗೆ ತಕ್ಕದ್ದು ಮೋಟಾರೊಂದೇ

ಆಟಿಕೆ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಹೆಚ್ಚುಕಡಿಮೆ ಐನೂರು ರೂಪಾಯಿಗೆ ಸಿಗುವ, ಎಂಟು ವರ್ಷ ಮೇಲ್ಪಟ್ಟವರಿಗೆಂದು ಮಾರುವ ಕಿಟ್ ಇದು. ಬಿಚ್ಚಿದರೆ ಅರ್ಧಕ್ಕರ್ಧ ಅಡುಗೆಮನೆ ಸಾಮಾನು: ಚಿಟಿಕೆ ಪೊಟ್ಟಣಗಳಲ್ಲಿ ಅಡುಗೆ ಸೋಡಾ, ಸಿಟ್ರಿಕ್ ಆಮ್ಲ, ಅರಿಶಿನ, ಜೊತೆಗೆ ಎರಡು ಬಲೂನು. ಬೆಲೆ ಬಾಳುವುದು ಎನಾಮಲ್ (ಕರೆಂಟ್ ದಾಟಗೊಡದ ತೆಳು ಲೇಪ) ಬಳಿದ ತಾಮ್ರದ ತಂತಿ, ಆಯಸ್ಕಾಂತ, ಸೆಲ್ ಹೋಲ್ಡರ್ ಇರುವ ಮೋಟಾರಿನ ಭಾಗ. ಕೈಪಿಡಿ ಕೆಡಿಸಿರುವುದೂ ಅದನ್ನೇ.

ತಂತಿಯನ್ನು ಸುರುಳಿ ಸುತ್ತಿದ ಮೇಲೆ ತುದಿಗಳ ಎನಾಮಲ್ ತೆಗೆಯಲು ‘ಸುರುಳಿಯ ಎರಡೂ ತುದಿಗಳನ್ನು ಚೆನ್ನಾಗಿ ಉಜ್ಜಿ’ ಎಂದಷ್ಟೇ ಬರೆದಿದ್ದಾರೆ. ಹಾಗೆ ಮಾಡಿದರೆ ಸುರುಳಿ ತಿರುಗದೆ ಅಲ್ಲೇ ತೂಗಾಡಿ ನಿಲ್ಲುತ್ತದೆ. ಕರೆಂಟ್ ಬಿಡದೆ ಹರಿದರೆ, ಅರ್ಧ ಸುತ್ತು ಮುಂದಕ್ಕೆ ನೂಕಿದ ಬಲವೇ ಉಳಿದರ್ಧದಲ್ಲಿ ಹಿಂದಕ್ಕೆ ಎಳೆಯುತ್ತದೆ. ಒಂದು ತುದಿಯನ್ನು ಸುತ್ತಲೂ ಉಜ್ಜಬೇಕು. ಇನ್ನೊಂದಕ್ಕೆ, ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದು, ತಂತಿಯ ಮೇಲಿನರ್ಧವನ್ನು ಮಾತ್ರ ಉಪ್ಪುಕಾಗದದಿಂದ ಉಜ್ಜಬೇಕು. ಕೆಳಗಿನರ್ಧದ ಎನಾಮಲ್ ಹಾಗೇ ಇರಲಿ. ಆಗ ಅರ್ಧ ಸುತ್ತು ಕರೆಂಟ್ ತಳ್ಳುತ್ತದೆ, ಉಳಿದರ್ಧವನ್ನು ಸುರುಳಿ ತನ್ನ ವೇಗದಲ್ಲೇ ದಾಟುತ್ತದೆ.

ಇನ್ನೊಂದು ತೊಂದರೆ, ಕಿಟ್ಟಿನ ತಂತಿ ಕೂದಲಿನಷ್ಟು ಸಪೂರ. ಹೊರಚಾಚಿದ ತುದಿಗಳು ಬಾಗಿ ಸುರುಳಿ ಆಯಸ್ಕಾಂತಕ್ಕೆ ತಾಗುತ್ತದೆ. ಅದರ ಬದಲು 26 ಗೇಜಿನ ತಂತಿ (ದಪ್ಪ ಸುಮಾರು 0.45 ಮಿ.ಮೀ.) 60 ಸೆಂ.ಮೀ. ಸಾಕು. ಪೆನ್ಸಿಲ್ ಸೆಲ್ ಮೇಲೆ ಹತ್ತು ಸುತ್ತು ಸುತ್ತಿ, ಎರಡು ತುದಿಗಳನ್ನು ಎದುರುಬದುರು ಒಂದೇ ಗೆರೆಯಲ್ಲಿ ಹೊರಗೆಳೆಯಿರಿ. ತುದಿಗಳು ಒಂದೇ ಗೆರೆಯಲ್ಲಿಲ್ಲದಿದ್ದರೆ ಸುರುಳಿ ಕುಂಟುತ್ತದೆ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವ ಯಾವ ಅಂಗಡಿಯಲ್ಲೂ ಈ ತಂತಿಯ ತುಂಡು ಸಿಗುತ್ತದೆ, ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ ಬಿಡಿಭಾಗ ಮಾರುವ ಎಸ್.ಪಿ. ರಸ್ತೆ ಇದ್ದೇ ಇದೆ. ಎಲ್ಲ ಸರಿಯಿದ್ದರೂ ಮೊದಲು ಬೆರಳಿಂದ ಒಮ್ಮೆ ತಿರುಗಿಸಿ ಬಿಡಬೇಕು, ತಾನಾಗಿ ಹೊರಡುವ ಮೋಟಾರಲ್ಲ ಇದು. ಸುರುಳಿಯ ರೋಧ (ಕರೆಂಟಿಗೆ ಒಡ್ಡುವ ತಡೆ) ತೀರಾ ಕಡಿಮೆಯಾದ್ದರಿಂದ ಸೆಲ್ ಬೇಗ ಬಿಸಿಯಾಗುತ್ತದೆ. ಅರ್ಧ ನಿಮಿಷ ಓಡಿಸಿ ಬಿಡಿಸಿ. ಮೊಬೈಲಿನಿಂದ ಕಿತ್ತ ಲಿಥಿಯಂ ಬ್ಯಾಟರಿಯಂತೂ ಬೇಡವೇ ಬೇಡ.

ಕೈಪಿಡಿಯ ಜ್ವಾಲಾಮುಖಿ ಪ್ರಯೋಗಕ್ಕೆ ಎರಡು ಚಮಚ ಸೋಡಾ, ಎರಡು ಚಮಚ ವಿನೆಗರ್ ಎಂದಿದೆ. ಲೆಕ್ಕ ತಪ್ಪು. 5 ಗ್ರಾಂ ಸೋಡಾ ಪೂರ್ತಿ ಕರಗಿ ಅನಿಲವಾಗಲು 5 ಶೇಕಡಾ ವಿನೆಗರ್ ಸುಮಾರು 70 ಮಿ.ಲೀ. ಬೇಕು, ಕೈಪಿಡಿಯಂತೆ ಮಾಡಿದರೆ ಬಹುಪಾಲು ಸೋಡಾ ತಳದಲ್ಲೇ ಕೂರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಬಿಟ್ಟರೆ ನೊರೆ ನಿಧಾನವಾಗಿ ಉಕ್ಕುತ್ತದೆ. ಸೋಡಾ ಬದಲು ಬೇಕಿಂಗ್ ಪೌಡರ್ ಹಾಕಬೇಡಿ. ಅದರಲ್ಲಿ ಆಮ್ಲದ ಪುಡಿಯೂ ಪಿಷ್ಟವೂ ಬೆರೆತಿರುವುದರಿಂದ ವಿನೆಗರಿಗೆ ಸಪ್ಪೆಯಾಗಿ ಬುರುಗುತ್ತದೆ.

ಆಮ್ಲ, ಕ್ಷಾರ ಪತ್ತೆಹಚ್ಚುವ ಲಿಟ್ಮಸ್ ಪಟ್ಟಿಗಳನ್ನು ಬರೀ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟಿದ್ದಾರೆ, ಮಳೆಗಾಲದ ಹವೆಗೆ ಬಣ್ಣ ಮಂಕಾಗಿದೆ. ಅವನ್ನು ಬಿಟ್ಟು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಕಾಗದ ಬಳಸಿ: ಸೋಪಿನ ನೀರಿಗೆ ಕೆಂಪಾಗುತ್ತದೆ, ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಆಮ್ಲಕ್ಕೆ ಮಾತ್ರ ಅರಿಶಿನ ಏನೂ ಹೇಳದು. ಅದಕ್ಕೆ ಕೆಂಪು ದಾಸವಾಳದ ನಾಲ್ಕೈದು ದಳವನ್ನು ಅರ್ಧ ಲೋಟ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ. ನಿಂಬೆಗೆ ಗಾಢ ಗುಲಾಬಿ, ಸುಣ್ಣದ ತಿಳಿಗೆ ಹಸಿರು. ಸುಣ್ಣದ ತಿಳಿ ಕಣ್ಣಿಗೆ ಸಿಡಿಯದಂತೆ ದೊಡ್ಡವರೇ ಬಿಡಲಿ.

ಅಂದರೆ ತಂತಿ, ಆಯಸ್ಕಾಂತ, ಹೋಲ್ಡರ್ ಬಿಡಿಯಾಗಿ ಸಿಗುವ ಊರಿನವರು ಈ ಡಬ್ಬ ಕೊಳ್ಳಬೇಕಿಲ್ಲ. ಕೊಳ್ಳುವುದಾದರೆ ಐಎಸ್‌ಐ ಗುರುತು ಇದೆಯೇ ನೋಡಿ, 2021ರ ಜನವರಿಯಿಂದ ಮಕ್ಕಳ ಆಟಿಕೆಗಳಿಗೆ ಅದು ಕಡ್ಡಾಯ. ಆಯಸ್ಕಾಂತ ಗುಂಡಿಯಷ್ಟು ಚಿಕ್ಕ, ಬೆಳ್ಳಿಯಂತೆ ಹೊಳೆಯುವ, ತುಂಬ ಬಲದ ನಿಯೋಡಿಮಿಯಂ ಆಗಿದ್ದರೆ ಪ್ರಯೋಗ ಮುಗಿದ ಮೇಲೆ ಎಣಿಸಿ ಎತ್ತಿಡಿ. ಮಗು ಎರಡನ್ನು ನುಂಗಿದರೆ ಅವು ಕರುಳಿನ ಗೋಡೆಯ ಆಚೀಚೆಯಿಂದ ಒಂದಕ್ಕೊಂದು ಅಂಟಿ ಕರುಳನ್ನೇ ತೂತು ಮಾಡಬಲ್ಲವು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.