ಟೆಸ್ಟ್ ನೆಗೆಟಿವ್, ಆದರೂ ಚಪಾತಿ ಆಗಿಬರಲ್ಲ: ಗ್ಲುಟೆನ್ ಬಿಡೋದಾ, ಫ್ರಕ್ಟಾನ್ ಕಡಿಮೆ ಮಾಡೋದಾ?

ಸೀಲಿಯಾಕ್ ಅಂದರೆ ಗ್ಲುಟೆನ್‌ನಿಂದ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ. ಅದರ ಟೆಸ್ಟ್ ನೆಗೆಟಿವ್ ಬಂದರೂ ಚಪಾತಿ ತಿಂದಾಗ ಹೊಟ್ಟೆ ಉಬ್ಬರಿಸುತ್ತದಾ? ಅದು ಸುಮ್ನೆ ನಿಮ್ಮ ಭ್ರಮೆ ಅಲ್ಲ. ಮುಂದೆ ಎರಡು ದಾರಿ ಇವೆ.

ಒಂದು, ಗ್ಲುಟೆನ್, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್, ಪೂರ್ತಿ ಬಿಡುವುದು. ಗೋಧಿ, ಮೈದಾ, ರವೆ, ಬಾರ್ಲಿ ಎಲ್ಲಕ್ಕೂ ರಜೆ. ರಾಗಿಮುದ್ದೆ, ಜೋಳದ ರೊಟ್ಟಿ, ಅಕ್ಕಿರೊಟ್ಟಿ ಇರುವ ನಮಗೆ ಇದು ಅಷ್ಟೇನೂ ಕಷ್ಟವಲ್ಲ. ತೊಡಕು ಇರುವುದು ಒಗ್ಗರಣೆಯಲ್ಲಿ. ಅಂಗಡಿಯ ಡಬ್ಬಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾನೋ ಬೆರೆಸಿರುತ್ತಾರೆ. ಡಬ್ಬಿ ತಿರುಗಿಸಿ ಓದಿ.

ಇನ್ನೊಂದು, ಫ್ರಕ್ಟಾನ್ ಕಡಿಮೆ ಮಾಡುವುದು. ಇದು ಗೋಧಿಯಲ್ಲಿರುವ ಒಂದು ಬಗೆಯ ಪಿಷ್ಟವಲ್ಲದ ಕಾರ್ಬೋಹೈಡ್ರೇಟ್. ಸಣ್ಣ ಕರುಳಿನಲ್ಲಿ ಅರಗುವುದಿಲ್ಲ, ದೊಡ್ಡ ಕರುಳಿನಲ್ಲಿ ಹುದುಗಿ ಗ್ಯಾಸ್ ಆಗುತ್ತದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. 2018ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ, ಸೀಲಿಯಾಕ್ ಇಲ್ಲದೆಯೂ ಗ್ಲುಟೆನ್ ಬಿಟ್ಟಿದ್ದ 59 ಜನರನ್ನು ನೋಡಿದರು. ಸರಾಸರಿ ಜಾಸ್ತಿ ತೊಂದರೆ ಕೊಟ್ಟಿದ್ದು ಗ್ಲುಟೆನ್ ಅಲ್ಲ, ಫ್ರಕ್ಟಾನ್!

ಹಾಗಾಗಿ ನನ್ನ ಒಲವು ಎರಡನೆಯದರ ಕಡೆಗೇ. ಗೋಧಿ ಬಿಟ್ಟರೂ ಈರುಳ್ಳಿ ಹುಳಿ ಉಂಡ ದಿನ ಹೊಟ್ಟೆ ಉಬ್ಬಿದರೆ ಫ್ರಕ್ಟಾನ್ ಮೇಲಿನ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಇದನ್ನು ಜೀವನಪೂರ್ತಿ ಮಾಡಬೇಕಿಲ್ಲ. ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದನ್ನೇ ಸ್ವಲ್ಪ ಸ್ವಲ್ಪ ತಿಂದು ನೋಡಬೇಕು. ಡಯಟೀಷಿಯನ್ ಜೊತೆಗಿದ್ದರೆ ಒಳ್ಳೆಯದು.

ಆದರೆ ಟೆಸ್ಟಿಗೆ ಮೊದಲೇ ಗೋಧಿ ಬಿಟ್ಟಿದ್ದಿರಾ? ಹಾಗಿದ್ದರೆ ಆ ನೆಗೆಟಿವ್ ನಂಬುವಂತಿಲ್ಲ. ಒಟ್ಟು ಐಜಿಎ (ಈ ಟೆಸ್ಟ್ ಸಾಮಾನ್ಯವಾಗಿ ನೋಡುವ ಬಗೆಯ, ರಕ್ತದಲ್ಲಿರುವ ಪ್ರತಿಕಾಯ) ಕಡಿಮೆ ಇದ್ದರೂ ಅಷ್ಟೇ. ಏನನ್ನೂ ಬಿಡುವ ಮೊದಲು ಈ ಎರಡನ್ನೂ ಡಾಕ್ಟರ ಹತ್ತಿರ ಕೇಳಿ.