ವೀಮ್ ಆ್ಯಂಪ್‌ನ ಈಕ್ವಲೈಜರ್: ಏರಿಸುವುದಕ್ಕಿಂತ ಇಳಿಸುವುದೇ ಲೇಸು

ಇಂಟರ್ನೆಟ್ಟಿನಿಂದ ಹಾಡು ತಂದು ಸ್ಪೀಕರಿನಲ್ಲಿ ನುಡಿಸುವ ಆಂಪ್ಲಿಫೈಯರ್ ವೀಮ್ ಆ್ಯಂಪ್ 8 ಓಮ್ ಸ್ಪೀಕರಿಗೆ ಚಾನೆಲ್ಲಿಗೆ 60 ವಾಟ್ ಕೊಡುತ್ತದೆ. ಸಾಧಾರಣ ಕೋಣೆಗೆ ಧಾರಾಳವಾಯಿತು. ಆದರೆ ಈಕ್ವಲೈಜರ್‌ನಲ್ಲಿ (ತಗ್ಗು, ಎತ್ತರದ ಸ್ವರಗಳನ್ನು ಪಟ್ಟಿ ಪಟ್ಟಿಯಾಗಿ ಏರಿಸಿ ಇಳಿಸುವ ಸೌಲಭ್ಯ) ಬಾಸ್, ಅಂದರೆ ತಗ್ಗು ಸ್ವರದ ಪಟ್ಟಿಯನ್ನು ಮೇಲೆ ತಳ್ಳಿದಿರೋ, ಲೆಕ್ಕ ತಪ್ಪುತ್ತದೆ: 3 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ಎರಡು ಪಟ್ಟು, 6 ಏರಿಸಿದರೆ ನಾಲ್ಕು ಪಟ್ಟು ಶಕ್ತಿ ಬೇಕು. ವಾಲ್ಯೂಮ್ ಜಾಸ್ತಿ ಮಾಡಿದಾಗ ಡ್ರಮ್ಮಿನ ಪೆಟ್ಟು ಒಡೆದಂತೆ ಕೇಳುವುದು ಇದಕ್ಕೇ.

ಹಾಗಾಗಿ ಇಳಿಸಿ. ದನಿ ಗುಂಯ್‌ಗುಡುತ್ತಿದ್ದರೆ 125 ಮತ್ತು 250 ಹರ್ಟ್ಸ್ ಪಟ್ಟಿಗಳನ್ನು 2-3 ಡೆಸಿಬೆಲ್ ತಗ್ಗಿಸಿ. ಗಾಯಕರ ಸಕಾರ ಕಿವಿಗೆ ಚುಚ್ಚಿದರೆ 8 ಕಿಲೋಹರ್ಟ್ಸನ್ನು 2 ಡೆಸಿಬೆಲ್ ತಗ್ಗಿಸಿ. ಬಾಸಿನ ಒಂದೇ ಸ್ವರ ಕೋಣೆಯಲ್ಲಿ ಮೊಳಗುತ್ತಿದ್ದರೆ 10 ಪಟ್ಟಿಯ ಈ ಗ್ರಾಫಿಕ್ ಈಕ್ವಲೈಜರ್ ಸಾಲದು, ಅದು ಅಕ್ಕಪಕ್ಕದ್ದನ್ನೂ ಎಳೆದುಕೊಳ್ಳುತ್ತದೆ. ಬೇಕಾದ ಸ್ವರವನ್ನೇ ಆರಿಸಿಕೊಳ್ಳಬಹುದಾದ ಪ್ಯಾರಾಮೆಟ್ರಿಕ್ ಈಕ್ವಲೈಜರ್‌ಗೆ ಹೋಗಿ, ಕ್ಯೂ (ಹೆಚ್ಚಿದಷ್ಟೂ ಪಟ್ಟಿ ಕಿರಿದಾಗುತ್ತದೆ) 4-5 ಇಟ್ಟು ಆ ಒಂದನ್ನೇ ಕತ್ತರಿಸಿ. ಈ ಆ್ಯಂಪಿಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಇಲ್ಲೇ. (ಅದಕ್ಕೂ ಮುಂಚೆ ಸ್ಪೀಕರನ್ನು ಗೋಡೆಯಿಂದ ಒಂದು ಗೇಣು ಮುಂದೆಳೆದು ನೋಡಿ, ಎಷ್ಟೋ ಸಲ ಗುಂಯ್‌ಗಾಟ ಅಲ್ಲೇ ತಗ್ಗುತ್ತದೆ.)

ರಾಕ್, ಜಾಝ್ ಎಂಬ ಸಿದ್ಧ ಪ್ರೀಸೆಟ್‌ಗಳು ಬರೀ ಅಲಂಕಾರ. ಜೋರಾಗಿ ಕೇಳಿದ್ದೇ ಚೆನ್ನ ಅನ್ನಿಸುವುದು ಕಿವಿಯ ಚಾಳಿ. ಈಕ್ವಲೈಜರ್ ಹಾಕಿ, ತೆಗೆದು ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ.