ಡಬ್ಬಿಂಗೋ, ಸಬ್‌ಟೈಟಲ್ಲೋ, ಯಾರ ಸಬ್‌ಟೈಟಲ್ಲೋ

ಕೊರಿಯನ್ ಧಾರಾವಾಹಿಗಳನ್ನು ನೋಡಲು ಕಳೆದ ಒಂದೂವರೆ ವರ್ಷದಲ್ಲಿ ನಾಲ್ಕು ದಾರಿ ಹಿಡಿದಿದ್ದೇನೆ. ಎಲ್ಲರ ಮನೆಯಲ್ಲೂ ಇರುವಂಥ ಒಂದು ದೊಡ್ಡ ಸ್ಟ್ರೀಮಿಂಗ್ ಸೇವೆಯ ಇಂಗ್ಲಿಷ್ ಸಬ್‌ಟೈಟಲ್, ಅದೇ ಸೇವೆಯ ತೆಲುಗು ಡಬ್ಬಿಂಗ್, ಹೊರದೇಶದಿಂದ ತರಿಸಿದ ಡಿವಿಡಿ ಪೆಟ್ಟಿಗೆ, ಕೊನೆಗೆ ವಿಕಿ (Viki) ಎಂಬ ಇನ್ನೊಂದು ಸ್ಟ್ರೀಮಿಂಗ್ ಸೇವೆ. ನಾನು ನೆಲೆ ನಿಂತದ್ದು ವಿಕಿಯಲ್ಲಿ. ಚಿತ್ರದ ಸ್ಪಷ್ಟತೆಯಿಂದಲ್ಲ, ಬೆಲೆಯಿಂದಲೂ ಅಲ್ಲ. ಅಲ್ಲಿ ಸಬ್‌ಟೈಟಲ್ ಬರೆಯುವವರು ನನ್ನಂತೆಯೇ ಧಾರಾವಾಹಿಯನ್ನು ಪ್ರೀತಿಸುವವರು. ಆ ಪ್ರೀತಿ ಸಾಲುಸಾಲಿನಲ್ಲೂ ಕಾಣುತ್ತದೆ ಎಂಬ ಕಾರಣಕ್ಕೆ.

ಇದು ಗೊತ್ತಾಗುವುದಕ್ಕೆ ಮೊದಲು ಒಂದು ಇಡೀ ಧಾರಾವಾಹಿ ಕೆಟ್ಟಿತು. ಮೂರು ತಿಂಗಳ ಚಂದಾ ಕಟ್ಟಿ, ದೊಡ್ಡ ಸೇವೆಯಲ್ಲಿ ಹದಿನಾರು ಕಂತಿನ ಒಂದು ಪ್ರೇಮಕಥೆಯನ್ನು ನೋಡಲು ಕುಳಿತಿದ್ದೆ. ರಾತ್ರಿ ಊಟ ಮುಗಿದ ಮೇಲೆ ದಿನಕ್ಕೊಂದು ಕಂತು, ಅಷ್ಟೇ ನನ್ನ ಲೆಕ್ಕ. ಮೊದಲ ವಾರದಲ್ಲೇ ಏನೋ ಹೊಂದುತ್ತಿಲ್ಲ ಅನ್ನಿಸತೊಡಗಿತು. ನಾಯಕಿ ಬಾಯಲ್ಲಿ ‘ಸನ್‌ಬೆ’ ಎನ್ನುತ್ತಾಳೆ, ಪರದೆಯ ಮೇಲೆ ಆ ಹಿರಿಯ ಸಹೋದ್ಯೋಗಿಯ ಬರಿಯ ಹೆಸರು. ನಾಯಕ ಎರಡೇ ಪದ ಆಡುತ್ತಾನೆ, ಕೆಳಗೆ ಒಂದೂವರೆ ಸಾಲು ಇಂಗ್ಲಿಷ್. ಮಳೆ ಸುರಿಯುವುದು ಕಣ್ಣಿಗೆ ಕಾಣುತ್ತಿರುವಾಗಲೇ ಮಳೆಯ ಸದ್ದು ಎಂಬ ಬರಹ. ಅನುವಾದಕರು ಅವಸರದಲ್ಲಿದ್ದರೇನೋ ಎಂದುಕೊಂಡು ಮುಂದೆ ಸಾಗಿದೆ.

ಒಂಬತ್ತನೆಯ ಕಂತಿನಲ್ಲಿ ತಾಳ್ಮೆ ಮುಗಿಯಿತು. ಎಂಟು ಕಂತುಗಳ ತನಕ ಒಬ್ಬರನ್ನೊಬ್ಬರು ಬಹುವಚನದಲ್ಲೇ ಮಾತನಾಡಿಸುತ್ತಿದ್ದ ಇಬ್ಬರು ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದಾರೆ. ಅವನು ಅಳುಕುತ್ತ ಒಂದು ಮಾತು ಕೇಳುತ್ತಾನೆ. ‘ಮಾತನ್ನು ಕೆಳಗಿಳಿಸೋಣವೇ’ ಎಂಬುದು ಅದರ ನೇರ ಅರ್ಥ. ಅಂದರೆ ಇನ್ನು ‘ನೀನು’ ಎನ್ನೋಣವೇ ಎಂದು. ಪರದೆಯ ಮೇಲೆ ಬಂದದ್ದು ಗೆಳೆಯರಾಗೋಣ ಎಂಬ ಅರ್ಥದ ಇಂಗ್ಲಿಷ್ ಸಾಲು. ಅವಳು ಒಪ್ಪಿದ ಮೇಲೂ ಅಭ್ಯಾಸಬಲದಿಂದ ಗೌರವದ ‘ಯೊ’ ಸೇರಿಸಿಬಿಡುತ್ತಾಳೆ, ನಾಲಗೆ ಕಚ್ಚಿಕೊಳ್ಳುತ್ತಾಳೆ, ಇಬ್ಬರೂ ನಗುತ್ತಾರೆ. ಅವರೇಕೆ ನಕ್ಕರೆಂಬುದು ಸಬ್‌ಟೈಟಲ್ ಓದಿದವರಿಗೆ ತಿಳಿಯುವಂತೆಯೇ ಇರಲಿಲ್ಲ. ಎಂಟು ಗಂಟೆ ಕಾದು ಪಡೆದ ಕ್ಷಣ ಅದು.

ಅಲ್ಲಿಯೇ ನಿಲ್ಲಿಸಿ ಭಾಷೆಗಳ ಪಟ್ಟಿಯನ್ನು ಕೆದಕಿದೆ. ಇಂಗ್ಲಿಷ್ ಎಂಬುದು ಎರಡು ಸಲ ಇತ್ತು: ಒಂದು ಬರಿಯ ‘ಇಂಗ್ಲಿಷ್’, ಇನ್ನೊಂದು ‘ಇಂಗ್ಲಿಷ್ ಸಿಸಿ’. ನನಗೆ ತಾನಾಗಿ ಬರುತ್ತಿದ್ದದ್ದು ಎರಡನೆಯದು. ಸಿಸಿ, ಅಂದರೆ ಕ್ಲೋಸ್ಡ್ ಕ್ಯಾಪ್ಶನ್, ಕಿವಿ ಕೇಳದವರಿಗಾಗಿ ಬರೆದದ್ದು, ಅವರಿಗೆ ಅದು ಬೇಕೇ ಬೇಕು. ಆದರೆ ಡಬ್ ಆದ ಧಾರಾವಾಹಿಗಳಲ್ಲಿ ಅದು ಸಾಮಾನ್ಯವಾಗಿ ಇಂಗ್ಲಿಷ್ ಡಬ್ಬಿಂಗಿನ ಮಾತುಗಳನ್ನೇ ಬರೆದಿಟ್ಟ ಪಾಠ. ಡಬ್ಬಿಂಗಿನಲ್ಲಿ ಮಾತು ನಟರ ತುಟಿಯ ಚಲನೆಗೆ ಕೂಡಬೇಕಾದ್ದರಿಂದ ಸಾಲುಗಳನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ, ಬದಲಿಸಿಯೂಬಿಡುತ್ತಾರೆ. ಕೊರಿಯನ್ ಧ್ವನಿ ಕೇಳುತ್ತ ಅದನ್ನು ಓದಿದರೆ ಕಿವಿಗೊಂದು ನಾಟಕ, ಕಣ್ಣಿಗೊಂದು ನಾಟಕ. ಬರಿಯ ‘ಇಂಗ್ಲಿಷ್’ ಆರಿಸಿ ಅದೇ ಬೆಂಚಿನ ದೃಶ್ಯವನ್ನು ಮತ್ತೆ ನೋಡಿದೆ. ಅದರಲ್ಲಿ ಕನಿಷ್ಠಪಕ್ಷ ಮಾತಿನ ಗೌರವ ಬಿಡುವ ಪ್ರಸ್ತಾಪವಾದರೂ ಇತ್ತು.

ಅಲ್ಲಿಗೂ ಮುಗಿಯಲಿಲ್ಲ. ಟಿವಿಯಲ್ಲಿ ಹೊಸ ಕಂತು ಶುರುವಾದಾಗಲೆಲ್ಲ ಅದು ಮತ್ತೆ ಸಿಸಿಗೇ ಮರಳುತ್ತಿತ್ತು. ಮೊಬೈಲಿನಲ್ಲಿ ಬದಲಿಸಿದರೆ ಮೊಬೈಲಿನಲ್ಲಿ ಉಳಿಯುತ್ತಿತ್ತು, ಟಿವಿಗೆ ದಾಟುತ್ತಿರಲಿಲ್ಲ. ಪ್ರತಿ ರಾತ್ರಿ ಮೊದಲ ದೃಶ್ಯ ಓಡುತ್ತಿರುವಾಗ ರಿಮೋಟ್ ಹಿಡಿದು ಐದು ಗುಂಡಿ ಒತ್ತುವುದು, ಹಿಂದಕ್ಕೆ ಓಡಿಸುವುದು. ಸಹಾಯವಾಣಿಯವರು ಆ್ಯಪ್ ತೆಗೆದು ಮತ್ತೆ ಹಾಕಿ ಎಂದರು. ಹಾಕಿದೆ, ಅದೇ ಕಥೆ. ಮತ್ತೆ ಕೇಳಿದಾಗ ಹೊಸ ಪ್ರೊಫೈಲ್ ಮಾಡಿ ಎಂದರು. ಮಾಡಿದೆ, ಎಲ್ಲಿಯವರೆಗೆ ಏನೇನು ನೋಡಿದ್ದೆನೆಂಬ ಗುರುತು ಹಳೆಯ ಪ್ರೊಫೈಲಿನಲ್ಲೇ ಉಳಿಯಿತು, ಸಿಸಿ ಮಾತ್ರ ಹಿಂದೆಯೇ ಬಂದಿತು. ಮೂರು ತಿಂಗಳು ಮುಗಿದೊಡನೆ ಚಂದಾ ನಿಲ್ಲಿಸಿದೆ.

ಇಷ್ಟು ಸಣ್ಣದಕ್ಕೆ ಇಷ್ಟು ಸಿಟ್ಟೇ ಎಂದು ಗೆಳತಿಯೊಬ್ಬಳು ಕೇಳಿದಳು. ನನಗೆ ಇದು ಸಣ್ಣದಲ್ಲ. ಕೊರಿಯನ್ ಕಥೆಗಳಲ್ಲಿ ಸಂಬಂಧ ಮುಂದುವರಿಯುವುದು ಅಪ್ಪುಗೆಯಲ್ಲಿ ಅಲ್ಲ, ಸಂಬೋಧನೆಯಲ್ಲಿ. ಹೊಸಬರು ಸಿಕ್ಕರೆ ಮೊದಲು ಹುಟ್ಟಿದ ವರ್ಷ ಕೇಳಿಕೊಳ್ಳುತ್ತಾರೆ, ಏಕೆಂದರೆ ಯಾರು ಹಿರಿಯರೆಂದು ತಿಳಿಯದೆ ಕ್ರಿಯಾಪದದ ಕೊನೆಯನ್ನು ನಿರ್ಧರಿಸುವಂತಿಲ್ಲ. ಅಣ್ಣನನ್ನು ಹುಡುಗ ‘ಹ್ಯೊಂಗ್’ ಎನ್ನುತ್ತಾನೆ, ಹುಡುಗಿ ‘ಒಪ್ಪಾ’ ಎನ್ನುತ್ತಾಳೆ. ಅಕ್ಕ ಹುಡುಗನಿಗೆ ‘ನೂನಾ’, ಹುಡುಗಿಗೆ ‘ಒನ್ನಿ’. ಒಡಹುಟ್ಟಿದವರಲ್ಲದಿದ್ದರೂ ಹೀಗೆಯೇ. ಗೌರವದ ಮಾತು ‘ಜೊಂದೆನ್‌ಮಲ್’, ಸಲಿಗೆಯದು ‘ಬನ್‌ಮಲ್’. ಒಂದರಿಂದ ಇನ್ನೊಂದಕ್ಕೆ ದಾಟುವುದು ಒಂದು ಘಟನೆ. ಜಗಳದಲ್ಲಿ ದಾಟಿದರೆ ಅವಮಾನ, ಪ್ರೀತಿಯಲ್ಲಿ ದಾಟಿದರೆ ಒಪ್ಪಿಗೆ. ಮದುವೆ ನಿಶ್ಚಯವಾದ ಹುಡುಗ ಹುಡುಗಿ ‘ನೀವು’ ಬಿಟ್ಟು ‘ನೀನು’ ಎಂದ ಮೊದಲ ದಿನವನ್ನು ನಮ್ಮಲ್ಲೂ ಮರೆಯುವುದಿಲ್ಲವಲ್ಲ. ಎಲ್ಲರಿಗೂ ಒಂದೇ ‘ಯೂ’ ಇರುವ ಭಾಷೆಗೆ ಇದನ್ನು ದಾಟಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ಪ್ರಯತ್ನವನ್ನಾದರೂ ಮಾಡಬೇಕು.

‘ಮಿಸೆಂಗ್’ ನೋಡುವಾಗ ಇದು ಇನ್ನೂ ಆಳವಾಗಿ ತಟ್ಟಿತು. 2014ರ ಇಪ್ಪತ್ತು ಕಂತಿನ ಧಾರಾವಾಹಿ. ಪ್ರೇಮಕಥೆಯೇ ಇಲ್ಲದ, ಕಚೇರಿಯ ಕಥೆ. ಬಾದುಕ್ ಎಂಬ ಕಪ್ಪು-ಬಿಳಿ ಕಾಯಿಗಳ ಹಲಗೆಯಾಟದಲ್ಲಿ ವೃತ್ತಿಪರನಾಗಲು ಸೋತ ಜಾಂಗ್ ಗುರೆ ಎಂಬ ಯುವಕ ಒಂದು ವ್ಯಾಪಾರಿ ಕಂಪನಿಗೆ ತಾತ್ಕಾಲಿಕ ನೌಕರನಾಗಿ ಬರುತ್ತಾನೆ. ಹಲಗೆಯ ಮೇಲೆ ಇನ್ನೂ ಬದುಕು ಗಟ್ಟಿಯಾಗದ ಕಾಯಿಗಳಿಗೆ ಮಿಸೆಂಗ್ ಎನ್ನುತ್ತಾರೆ. ಆರಂಭದ ಕಂತುಗಳಲ್ಲಿ ಬೇರೆ ವಿಭಾಗದವನೊಬ್ಬನ ತಪ್ಪಿಗೆ ಗುರೆ ಬೈಸಿಕೊಳ್ಳುತ್ತಾನೆ. ಅವನ ಮೇಲಧಿಕಾರಿ ಓ ಗ್ವಾಜಾಂಗ್ (ಗ್ವಾಜಾಂಗ್ ಎಂಬುದು ಹುದ್ದೆಯ ಹೆಸರು), ಆ ತನಕ ಅವನನ್ನು ಹತ್ತಿರ ಸೇರಿಸದಿದ್ದವನು, ಕುಡಿದ ಅಮಲಿನಲ್ಲಿ ಬೀದಿಯಲ್ಲಿ ಸಿಕ್ಕ ಆ ವಿಭಾಗದವರಿಗೆ ಹೇಳುತ್ತಾನೆ, ನಿಮ್ಮ ಹುಡುಗನಿಂದಾಗಿ ‘ಊರಿ ಏ’ ಬೈಸಿಕೊಂಡ ಎಂದು. ‘ಊರಿ’ ಎಂದರೆ ನಮ್ಮ, ‘ಏ’ ಎಂದರೆ ಮಗು, ಇಲ್ಲಿ ಹುಡುಗ. ಯಾರಿಗೂ ಸೇರದೆ ನಿಂತಿದ್ದ ಗುರೆ ಆ ‘ನಮ್ಮ’ ಎಂಬ ಒಂದು ಪದವನ್ನೇ ಹಿಡಿದುಕೊಳ್ಳುತ್ತಾನೆ.

ಕೊರಿಯನ್ನರು ನನ್ನ ಅಮ್ಮ ಎನ್ನುವುದಿಲ್ಲ, ‘ಊರಿ ಒಮ್ಮಾ’ ಎನ್ನುತ್ತಾರೆ. ನನ್ನ ಮನೆ ಎನ್ನದೆ ‘ಊರಿ ಜಿಪ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇವೆಲ್ಲ ‘ಮೈ’ ಆಗಿಬಿಡುತ್ತವೆ. ನಮ್ಮಮ್ಮ, ನಮ್ಮ ಮನೆ, ನಮ್ಮ ಹುಡುಗ ಎಂದೇ ಬೆಳೆದ ನನಗೆ ಓ ಗ್ವಾಜಾಂಗನ ಆ ಮಾತು ಅನುವಾದವೇ ಬೇಡದಷ್ಟು ನೇರವಾಗಿ ಬಂದು ತಾಗಿತು. ಆ ಕಂತು ಮುಗಿದ ಮೇಲೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ವಾಕ್ಯದ ಕ್ರಮದ ವಿಷಯವೂ ಇದೆ. ಕೊರಿಯನ್ನಿನಲ್ಲಿ ಕನ್ನಡದ ಹಾಗೆಯೇ ಕ್ರಿಯಾಪದ ಕೊನೆಗೆ ಬರುತ್ತದೆ. ‘ನಾನು ನಿನ್ನನ್ನು ಒಂದು ದಿನವೂ’ ಎಂದು ನಟಿ ತಡೆದು ನಿಂತಾಗ, ಮರೆತಿಲ್ಲ ಎನ್ನುವಳೋ, ನಂಬಿಲ್ಲ ಎನ್ನುವಳೋ ಎಂದು ಜೀವ ತುಡಿಯಬೇಕು. ಇಂಗ್ಲಿಷ್ ಸಾಲು ಅಷ್ಟು ಹೊತ್ತಿಗೆ ಗುಟ್ಟು ಬಿಟ್ಟುಕೊಟ್ಟಿರುತ್ತದೆ. ಸಾಲನ್ನು ಎರಡಾಗಿ ಒಡೆದು, ಎರಡನೆಯ ಚೂರನ್ನು ಅವಳು ಬಾಯಿ ತೆರೆದಾಗಲೇ ತೋರಿಸಿದರೆ ಇದು ಉಳಿಯುತ್ತದೆ.

ವಿಕಿಯಲ್ಲಿ ಅಂಥ ಕೆಲಸಕ್ಕೆಂದೇ ಜನ ಇದ್ದಾರೆ. ವಿಡಿಯೊ ಮತ್ತು ವಿಕಿಪೀಡಿಯದಲ್ಲಿರುವ ‘ವಿಕಿ’ ಎಂಬೆರಡು ಪದ ಸೇರಿ ಆದ ಹೆಸರು ಅದು. 2007ರಲ್ಲಿ ಆರಂಭವಾದ ಸೇವೆಯನ್ನು 2013ರಲ್ಲಿ ಜಪಾನಿನ ರಾಕುಟೆನ್ ಕೊಂಡುಕೊಂಡಿತು. ಸೆಗ್ಮೆಂಟರ್‌ಗಳೆಂಬ ಸ್ವಯಂಸೇವಕರು ಕಂತನ್ನು ಮಾತು ಮಾತಾಗಿ ಕತ್ತರಿಸಿ ಕೊಡುತ್ತಾರೆ, ಇನ್ನೊಂದು ಗುಂಪು ಅನುವಾದಿಸುತ್ತದೆ, ಸಂಪಾದಕರು ತಿದ್ದುತ್ತಾರೆ. ಅವರಿಗೆ ಸಂಬಳವಿಲ್ಲ. ‘ಒನ್ನಿ’ ಒನ್ನಿಯಾಗಿಯೇ ಉಳಿಯುತ್ತದೆ. ಗಾದೆ ಬಂದರೆ, ಪದದ ಆಟ ಬಂದರೆ, ಮಾತು ಸಲಿಗೆಗೆ ಇಳಿದರೆ ಆವರಣದೊಳಗೆ ಪುಟ್ಟ ಟಿಪ್ಪಣಿ ಸಿಗುತ್ತದೆ. ಅಂಥ ಟಿಪ್ಪಣಿಯನ್ನು ಓದಲು ನಾನು ಎಷ್ಟೋ ಸಲ ಕಂತನ್ನೇ ನಿಲ್ಲಿಸಿದ್ದೇನೆ. ಬೇಸರವಾಗಿಲ್ಲ, ಪಕ್ಕದಲ್ಲಿ ಕುಳಿತ ಗೆಳತಿ ಕಿವಿಯಲ್ಲಿ ಹೇಳಿದಂತೆ ಇರುತ್ತದೆ. ಕಲಿಯುವವರಿಗೆ ಕೊರಿಯನ್ ಮತ್ತು ಇಂಗ್ಲಿಷ್ ಸಾಲುಗಳನ್ನು ಒಟ್ಟಿಗೇ ತೋರಿಸುವ ವ್ಯವಸ್ಥೆಯೂ ಕೆಲವು ಧಾರಾವಾಹಿಗಳಲ್ಲಿ ಇತ್ತು. ಹಂಗುಲ್ ಅಕ್ಷರಗಳನ್ನು ನಾನು ಕಲಿತದ್ದು ಹಾಗೆಯೇ. ವ್ಯಂಜನ, ಸ್ವರ, ಕೆಳಗೊಂದು ವ್ಯಂಜನ ಎಂದು ಒಂದೇ ಚೌಕದಲ್ಲಿ ಕೂಡಿಸುವ ಆ ಲಿಪಿ, ಗುಣಿತ ಮತ್ತು ಒತ್ತಕ್ಷರ ಬಲ್ಲ ಕೈಗೆ ಬೇಗ ಒಗ್ಗುತ್ತದೆ.

ಪ್ರಸಾರದ ಹಕ್ಕು ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ಭಾರತದಲ್ಲಿ ಎಲ್ಲವೂ ತೆರೆಯುವುದಿಲ್ಲ. ಹೊಸ ಕಂತಿನ ಅನುವಾದ ಎಷ್ಟು ಪ್ರತಿಶತ ಆಗಿದೆಯೆಂದು ನೋಡಿಕೊಂಡು ಕಾಯಬೇಕಾಗುತ್ತದೆ. ನನಗೆ ಕಾಯುವುದು ಕಷ್ಟವಲ್ಲ.

ಡಬ್ಬಿಂಗಿನ ಪರವಾಗಿ ನನ್ನ ಮನೆಯಲ್ಲೇ ಒಬ್ಬರು ವಕೀಲರಿದ್ದಾರೆ, ನಮ್ಮಮ್ಮ. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದ ಅವರಿಗೆ ತೆಲುಗು ಸರಾಗ, ಇಂಗ್ಲಿಷ್ ಓದುವುದು ನಿಧಾನ. ಕನ್ನಡ ಧ್ವನಿ ನಾನು ನೋಡಿದ ಧಾರಾವಾಹಿಗಳಲ್ಲಿ ಸಿಗಲಿಲ್ಲ. ಹಿಂದಿ, ತಮಿಳು, ತೆಲುಗು ಸಿಕ್ಕವು. ತೆಲುಗಿನಲ್ಲಿ ‘ನುವ್ವು’, ‘ಮೀರು’ ಎರಡೂ ಇರುವುದರಿಂದ ಇಂಗ್ಲಿಷಿನಲ್ಲಿ ಕಳೆದುಹೋದದ್ದು ಅಲ್ಲಿ ಎಷ್ಟೋ ಉಳಿದಿತ್ತು. ಇದನ್ನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಆದರೆ ಧ್ವನಿ? ‘ಮೈ ಮಿಸ್ಟರ್’ನಲ್ಲಿ ನಟ ಲೀ ಸನ್-ಕ್ಯುನ್ ಅವರ ಆ ತಗ್ಗಿದ, ದಣಿದ ಗಂಟಲನ್ನು ತೆಗೆದು ಇನ್ನಾರದೋ ಧ್ವನಿ ಇಟ್ಟರೆ ಆ ಪಾತ್ರದಲ್ಲಿ ಉಳಿಯುವುದು ಕೋಟು ಮಾತ್ರ. ಪ್ರಾಂತ್ಯಭೇದವೂ ಅಳಿಸಿಹೋಗುತ್ತದೆ. ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ನ ಅರ್ಧ ಸೊಗಸು ಉತ್ತರ ಕೊರಿಯದ ಮಾತಿನ ರೀತಿಯಲ್ಲಿದೆ. ಧಾರವಾಡದವರು, ಕುಂದಾಪುರದವರು ಒಂದೇ ಕನ್ನಡ ಆಡಿದರೆ ಹೇಗಿರುತ್ತದೆಯೋ ಹಾಗೆ ಡಬ್ಬಿಂಗಿನಲ್ಲಿ ಕೇಳುತ್ತದೆ.

ಸಿನಿಮಾಗಳ ಮಟ್ಟಿಗೆ ನನ್ನ ಹಟ ಸಡಿಲ. ‘ಪ್ಯಾರಸೈಟ್’ ಚಿತ್ರದಲ್ಲಿ ಚಾಪಗೆಟಿ, ನೊಗುರಿ ಎಂಬ ಎರಡು ಬಗೆಯ ನೂಡಲ್ಸ್ ಬೆರೆಸಿ ಮಾಡುವ ಚಾಪಗುರಿಯನ್ನು ಅನುವಾದಕ ಡಾರ್ಸಿ ಪಾಕೆಟ್ ‘ರಾಮ್‌ಡಾನ್’ ಮಾಡಿದರು. ರಾಮೆನ್ ಮತ್ತು ಉಡಾನ್ ಸೇರಿಸಿ ಕಟ್ಟಿದ ಹೊಸ ಪದ. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ ಆಕ್ಸ್‌ಫರ್ಡ್ ಆಯಿತು. ಎರಡು ಗಂಟೆಯಲ್ಲಿ ಮುಗಿಯುವ ಕಥೆಯಲ್ಲಿ ನೋಡುಗರನ್ನು ತಡೆಯದಿರುವುದು ಸರಿಯಾದ ನಿರ್ಧಾರವೇ. ಹದಿನಾರು ಕಂತು ಒಟ್ಟಿಗೆ ಬದುಕುವವರಿಗೆ ಮಾತ್ರ ಪದಗಳನ್ನು ಕಲಿಯಲು ಬೇಕಾದಷ್ಟು ಸಮಯವಿದೆ, ಅವರಿಂದ ಕಿತ್ತುಕೊಳ್ಳಬಾರದು.

ಡಿವಿಡಿ ಬಗ್ಗೆ ಎರಡು ಮಾತು ಸಾಕು. ಕೊರಿಯದ ತಟ್ಟೆಗಳು ಮೂರನೆಯ ವಲಯದವು, ಭಾರತದ ಪ್ಲೇಯರ್‌ಗಳು ಐದನೆಯ ವಲಯದವು. ನನ್ನದರಲ್ಲಿ ಓಡಲೇ ಇಲ್ಲ. ಚಿತ್ರಗಳಿರುವ ಆ ಪೆಟ್ಟಿಗೆ ಚೆಂದವಿದೆ, ಪುಸ್ತಕಗಳ ಪಕ್ಕದಲ್ಲಿ ಇಟ್ಟಿದ್ದೇನೆ.

ಚೀನೀ ಧಾರಾವಾಹಿಗಳನ್ನು ನೋಡುವವರು ಗಮನಿಸಬೇಕು: ಚಿತ್ರದ ಕೆಳಗೇ ಚೀನೀ ಬರಹ ಅಚ್ಚಾಗಿ ಬರುವುದು ಅಲ್ಲಿ ಸಾಮಾನ್ಯ, ಇಂಗ್ಲಿಷ್ ಸಾಲು ಅದರ ಮೇಲೆ ಕೂರದಂತೆ ಸ್ಥಾನ ಬದಲಿಸಲು ಬರುತ್ತದೆಯೇ ಎಂದು ಚಂದಾ ಕಟ್ಟುವ ಮೊದಲೇ ನೋಡಿಕೊಳ್ಳಿ.

ಮನರಂಜನೆಗೆ ತಿಂಗಳಿಗೆ ಐನೂರು ರೂಪಾಯಿ ಮೀರಬಾರದೆಂಬುದು ನನ್ನ ನಿಯಮ, ಆದ್ದರಿಂದ ಒಂದು ಹೊತ್ತಿಗೆ ಒಂದೇ ಚಂದಾ. ವರ್ಷದ ಹತ್ತು ತಿಂಗಳು ವಿಕಿ. ಬೇರೆಲ್ಲೂ ಸಿಗದ ಧಾರಾವಾಹಿ ಪೂರ್ತಿ ಪ್ರಸಾರವಾದ ಮೇಲೆ ದೊಡ್ಡ ಸೇವೆಗೆ ಒಂದು ತಿಂಗಳು ಮರಳುತ್ತೇನೆ, ರಿಮೋಟಿನ ಐದು ಗುಂಡಿಗಳಿಗೆ ಸಿದ್ಧಳಾಗಿಯೇ. ಒಂದೇ ವಾರದಲ್ಲಿ ಇಡೀ ಧಾರಾವಾಹಿ ಮುಗಿಸುವವರಿಗೆ, ಮನೆಯಲ್ಲಿ ನಾಲ್ಕು ಜನ ನಾಲ್ಕು ಬಗೆಯದನ್ನು ನೋಡುವವರಿಗೆ ಆ ಸೇವೆಯೇ ಹೊಂದಬಹುದು. ನನ್ನ ರಾತ್ರಿಗಳು ಹಾಗಿಲ್ಲ.

ಈಗ ‘ರಿಪ್ಲೈ 1988’ ಮತ್ತೊಮ್ಮೆ ನೋಡುತ್ತಿದ್ದೇನೆ, ಈ ಸಲ ಅಮ್ಮನ ಜೊತೆ. ಸಾಂಗ್‌ಮುನ್-ದೊಂಗ್ ಎಂಬ ಬಡಾವಣೆಯ ಒಂದೇ ಓಣಿಯ ಐದು ಮನೆಗಳ ಕಥೆ. ಒಬ್ಬರ ಮನೆಯಲ್ಲಿ ಮಾಡಿದ ಪಲ್ಯ ಮಕ್ಕಳ ಕೈಯಲ್ಲಿ ಎಲ್ಲ ಮನೆಗಳಿಗೂ ಹೋಗಿ, ಖಾಲಿ ಪಾತ್ರೆಯ ಬದಲು ಬೇರೊಂದು ತಿನಿಸು ತುಂಬಿಕೊಂಡು ಬರುವುದನ್ನು ಕಂಡಾಗ ಅಮ್ಮ ಬಳ್ಳಾರಿಯ ತಮ್ಮ ಕೌಲ್ ಬಜಾರಿನ ಓಣಿಯನ್ನು ನೆನೆದರು. ನಾನು ಇಂಗ್ಲಿಷ್ ಸಾಲು ಓದಿ ಕನ್ನಡದಲ್ಲಿ ಹೇಳುತ್ತೇನೆ. ‘ಅಪ್ಪಾ’ ಎಂಬುದನ್ನು ಹೇಳುವ ಅಗತ್ಯವಿಲ್ಲ, ಅದು ಅಲ್ಲೂ ಅಪ್ಪನೇ. ನಿನ್ನೆ ಅವರು ನನ್ನ ಕೈ ಹಿಡಿದು ನಿಲ್ಲಿಸಿ ಕೇಳಿದರು: “ತಡಿ, ಈಗ ಆ ಹುಡುಗಿ ‘ನೀವು’ ಎಂದಳೋ ‘ನೀನು’ ಎಂದಳೋ?” ಹಿಂದಕ್ಕೆ ಓಡಿಸಿ ಮತ್ತೆ ಕೇಳಿಸಿಕೊಂಡೆವು.